ಪರದೇಶಿಯರ ದುಡಿಮೆ ಕಂಡ ಮರದಚ್ಚು: ಯೊಕೊಹಾಮಾ ಚಿತ್ರಗಳ ಜಮಾ-ಖರ್ಚು

1861ರ ನಾಲ್ಕನೆಯ ಚಾಂದ್ರಮಾಸದಲ್ಲಿ, ಇಂದು ಟೋಕಿಯೊ ಎನಿಸಿಕೊಂಡಿರುವ ಎಡೋ ನಗರದಲ್ಲಿ ಐದು ಹಾಳೆಗಳ ಒಂದು ಬಣ್ಣದ ಚಿತ್ರ ಮಾರಾಟಕ್ಕೆ ಬಂತು. ಬರೆದವನು ಉತಾಗಾವಾ ಸದಾಹಿದೆ. ಯೊಕೊಹಾಮಾ ಬಂದರಿನಲ್ಲಿ ಪಾಶ್ಚಾತ್ಯ ವರ್ತಕರು ಸರಕು ಸಾಗಿಸುವುದು ಅದರ ವಸ್ತು. ಹಾಳೆಗಳನ್ನು ಪಕ್ಕಪಕ್ಕ ಜೋಡಿಸಿದರೆ ಅಗಲ ಸುಮಾರು ನಾಲ್ಕು ಅಡಿ. ಜಪಾನಿನೊಡನೆ ಒಪ್ಪಂದ ಮಾಡಿಕೊಂಡಿದ್ದ ಐದು ದೇಶಗಳ ಹಡಗುಗಳು ಒಂದೇ ನೀರಿನಲ್ಲಿ ನಿಂತಿವೆ. ಕೂವೆಕಂಬಗಳ ಮೇಲೆ, ಹಾಯಿಹಗ್ಗಗಳ ನಡುವೆ ಖಲಾಸಿಗಳು ಹತ್ತಿ ಇಳಿಯುತ್ತಿದ್ದಾರೆ. ಹಡಗಿಗೆ ಹಾಸಿದ ಹಲಗೆಯ ಮೇಲೆ ಮೂಟೆ ಹೊತ್ತವರು ಓಡಾಡುತ್ತಿದ್ದಾರೆ. ಇಷ್ಟು ದೊಡ್ಡ ಚಿತ್ರದಲ್ಲಿ ರಾಜನಿಲ್ಲ, ಸೇನಾಪತಿಯಿಲ್ಲ, ಯುದ್ಧವಿಲ್ಲ. ಇರುವುದು ಕೆಲಸ, ಕೆಲಸ ಮಾಡುವ ಪರದೇಶಿಯರು.

ಅಂದಿನಿಂದ ನೂರ ಅರವತ್ತಕ್ಕೂ ಹೆಚ್ಚು ವರ್ಷಗಳು ಕಳೆದಿವೆ. ಆ ಒಂದೆರಡು ವರ್ಷಗಳಲ್ಲಿ ಹೀಗೆ ನೂರಾರು ಚಿತ್ರಗಳು ಹುಟ್ಟಿದವು. ಕಲಾ ಇತಿಹಾಸ ಅವನ್ನು ಒಟ್ಟಾಗಿ ಯೊಕೊಹಾಮಾ ಚಿತ್ರಗಳೆಂದು ಕರೆಯಿತು, ಬಹುಕಾಲ ಮೂಲೆಗೂ ತಳ್ಳಿತು. ಮೂಲೆಯಿಂದ ಹೊರಬಂದ ಮೇಲೆ ಹೊಗಳಿಕೆ ಧಾರಾಳವಾಯಿತು. ಎರಡೂ ಅತಿಗಳು ಇಳಿದಿರುವ ಈಗ ಈ ಚಿತ್ರಗಳ ಜಮಾ ಎಷ್ಟು, ಖರ್ಚು ಎಷ್ಟು ಎಂದು ನೋಡುವುದು ನ್ಯಾಯ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಅಪರಿಚಿತನನ್ನು ಅವನ ಕೆಲಸದ ಮೂಲಕ ನೋಡಿದ್ದು ಈ ಚಿತ್ರಗಳ ದೊಡ್ಡ ಗಳಿಕೆ. ಆ ಕೆಲಸಕ್ಕೆ ಬೆಲೆ ತೆತ್ತವರು ಯಾರೆಂದು ಕೇಳದೆ ಹೋದದ್ದು ಅಷ್ಟೇ ದೊಡ್ಡ ಕೊರತೆ.

ಹಿನ್ನೆಲೆ ಬಹಳ ಉದ್ದವಾದುದಲ್ಲ. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ಯುದ್ಧನೌಕೆಗಳೊಡನೆ ಬಂದು ಬಾಗಿಲು ತಟ್ಟಿದ. 1858ರಲ್ಲಿ ಅಮೆರಿಕ, ನೆದರ್‌ಲ್ಯಾಂಡ್ಸ್, ರಷ್ಯಾ, ಬ್ರಿಟನ್ ಮತ್ತು ಫ್ರಾನ್ಸ್ ಜತೆ ಜಪಾನನ್ನು ಆಳುತ್ತಿದ್ದ ಶೋಗನ್ ಸರ್ಕಾರ ವ್ಯಾಪಾರ ಒಪ್ಪಂದಗಳಿಗೆ ಸಹಿ ಹಾಕಿತು. ಒಪ್ಪಂದದಲ್ಲಿದ್ದ ಹೆಸರು ಕನಗಾವಾ ಎಂಬ ಊರಿನದು. ಆದರೆ ಅದು ತೊಕೈದೊ ಹೆದ್ದಾರಿಯ ಮೇಲಿತ್ತು. ಪ್ರಭುಗಳ ಮೆರವಣಿಗೆಗಳೂ ಕತ್ತಿ ಕಟ್ಟಿದ ಸಮುರಾಯಿಗಳೂ ದಿನವೂ ಹಾದುಹೋಗುವ ದಾರಿ ಅದು. ಅಲ್ಲಿ ಪರದೇಶಿಯರನ್ನು ನೆಲೆಗೊಳಿಸಲು ಹೆದರಿದ ಸರ್ಕಾರ ಕೊಲ್ಲಿಯ ಆಚೆ ದಡದಲ್ಲಿದ್ದ ಯೊಕೊಹಾಮಾವನ್ನು ಆರಿಸಿತು. ನೂರರ ಆಸುಪಾಸು ಮನೆಗಳಿದ್ದ ಬೆಸ್ತರ ಹಳ್ಳಿ ಅದು. ಗೋದಾಮು, ಕಟ್ಟೆ, ಸುಂಕದ ಕಚೇರಿ, ಕಾವಲಿನ ಸೇತುವೆಗಳು ತಿಂಗಳುಗಳಲ್ಲಿ ಎದ್ದವು. 1859ರ ಜುಲೈ 1ರಂದು ಬಂದರು ತೆರೆಯಿತು.

ಎಡೋದಿಂದ ಅಲ್ಲಿಗೆ ಸುಮಾರು ಮೂವತ್ತು ಕಿಲೋಮೀಟರ್. ಹೋಗಿ ನೋಡಲಾರದ ಲಕ್ಷಾಂತರ ಜನ ನಗರದಲ್ಲಿದ್ದರು, ಅವರಿಗೆ ತೋರಿಸಬಲ್ಲ ಉದ್ಯಮವೂ ಅಲ್ಲೇ ಸಿದ್ಧವಿತ್ತು. ಮರದಚ್ಚಿನ ಚಿತ್ರ ಒಬ್ಬನ ಕೈಕೆಲಸವಲ್ಲ. ಬಂಡವಾಳ ಹೂಡುವ ಪ್ರಕಾಶಕ, ರೇಖೆ ಬರೆಯುವ ಚಿತ್ರಕಾರ, ಕಾಡುಚೆರ್ರಿಯ ಹಲಗೆಯಲ್ಲಿ ಅದನ್ನು ಕೆತ್ತುವವ, ಬಣ್ಣಕ್ಕೊಂದು ಹಲಗೆಯಂತೆ ಕಾಗದವನ್ನು ಒತ್ತಿ ತೆಗೆಯುವ ಮುದ್ರಕ, ಹೀಗೆ ನಾಲ್ವರು ಸೇರಿದರೆ ಒಂದು ಚಿತ್ರ. ಸರ್ಕಾರದ ಪರಿಶೀಲನೆಯ ಮುದ್ರೆ ಬಿದ್ದ ಮೇಲೆಯೇ ಮಾರಾಟ. ಆ ಮುದ್ರೆಯಲ್ಲಿ ವರ್ಷ ಮತ್ತು ತಿಂಗಳು ಇರುವುದರಿಂದಲೇ ಯಾವ ಚಿತ್ರ ಯಾವ ಸುದ್ದಿಯ ಬೆನ್ನಿಗೆ ಬಂತೆಂದು ಇಂದು ನಾವು ಕರಾರುವಾಕ್ಕಾಗಿ ಹೇಳಬಹುದು. ಒಂದು ಹಾಳೆಯ ಬೆಲೆ ಬೀದಿಬದಿಯ ಒಂದು ಬಟ್ಟಲು ಸೋಬಾ ನೂಡಲ್ಸಿನ ಆಸುಪಾಸು. ಶ್ರೀಮಂತರ ಗೋಡೆಗೆಂದು ಹುಟ್ಟಿದ ಕಲೆಯಲ್ಲ ಇದು. ಕೂಲಿಯವನೂ ಕೊಳ್ಳಬಹುದಾದ ಸಚಿತ್ರ ಸುದ್ದಿ.

ಮಾರುಕಟ್ಟೆಗೂ ಹೊಸ ಸರಕು ಬೇಕಾಗಿತ್ತು. ಹೆಸರಾಂತ ಚಿತ್ರಕಾರ ಹೊಕುಸಾಯಿ ತೀರಿಕೊಂಡಿದ್ದು 1849ರಲ್ಲಿ. ಅಷ್ಟೇ ಹೆಸರಾಗಿದ್ದ ಹಿರೋಶಿಗೆ ಸತ್ತದ್ದು ಒಪ್ಪಂದಗಳಾದ 1858ರಲ್ಲೇ. ಕಬುಕಿ ನಟರು, ಸುಂದರಿಯರು, ಹೆದ್ದಾರಿಯ ನೋಟಗಳನ್ನು ಜನ ಸಾಕಷ್ಟು ಕಂಡಿದ್ದರು. ಕುನಿಯೋಶಿಯ ಶಿಷ್ಯರಾದ ಯೋಶಿಕಾಜು, ಯೋಶಿತೋರಾ, ಯೋಶಿತೋಯೊ ಮೊದಲಾದವರು, ಕುನಿಸಾದನ ಶಿಷ್ಯ ಸದಾಹಿದೆ, ಹಿರೋಶಿಗೆಯ ಹೆಸರನ್ನು ಮುಂದುವರಿಸಿದ ಶಿಷ್ಯ, ಎಲ್ಲರೂ ಯೊಕೊಹಾಮಾದ ಕಡೆ ತಿರುಗಿದರು. 1860 ಮತ್ತು 1861ರಲ್ಲಿ ಈ ಚಿತ್ರಗಳ ಸುಗ್ಗಿ.

ಜಮಾ ಕಡೆಯಿಂದ ಆರಂಭಿಸೋಣ. ಪರದೇಶಿಯರನ್ನು ಚಿತ್ರಿಸುವುದು ಜಪಾನಿಗೆ ಹೊಸದಾಗಿರಲಿಲ್ಲ. ನಾಗಸಾಕಿಯ ದೆಜಿಮಾ ಎಂಬ ಕೃತಕ ದ್ವೀಪದಲ್ಲಿ 1641ರಿಂದ ಡಚ್ ವರ್ತಕರು ಬಂಧಿಗಳಂತೆ ಬದುಕಿದ್ದರು. ನಾಗಸಾಕಿಯ ಅಚ್ಚಿನ ಚಿತ್ರಗಳಲ್ಲಿ ಅವರು ಉದ್ದನೆಯ ಪೈಪು ಸೇದುತ್ತ ನಿಂತಿರುತ್ತಾರೆ, ಊಟದ ಮೇಜಿನ ಸುತ್ತ ಕೂತಿರುತ್ತಾರೆ, ಪಕ್ಕದಲ್ಲಿ ಜಾವಾದಿಂದ ತಂದ ಆಳು ಛತ್ರಿ ಹಿಡಿದಿರುತ್ತಾನೆ. ಅವು ಹೆಚ್ಚಾಗಿ ಪ್ರದರ್ಶನದ ವಸ್ತುಗಳು. ಯೊಕೊಹಾಮಾಕ್ಕೆ ಬರುವಾಗ ನೋಟ ಬದಲಾಗುತ್ತದೆ. ಇಲ್ಲಿಯ ಪರದೇಶಿ ಸುಮ್ಮನೆ ನಿಲ್ಲುವುದಿಲ್ಲ. ಅವನು ಲೆಕ್ಕ ಬರೆಯುತ್ತಾನೆ, ಬಟ್ಟೆಯ ಥಾನು ಬಿಚ್ಚಿ ತೋರಿಸುತ್ತಾನೆ, ಕ್ಯಾಮೆರಾದ ಹಿಂದೆ ಬಗ್ಗಿ ನಿಲ್ಲುತ್ತಾನೆ. ಹೆಂಗಸು ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಳೆ. 1861ರಲ್ಲೇ ಸದಾಹಿದೆ ಬರೆದ ವ್ಯಾಪಾರಿ ಕೋಠಿಯ ಚಿತ್ರವೊಂದು ಮಾರಾಟದ ಕೋಣೆಯ ಒಳಗೇ ನಮ್ಮನ್ನು ಕರೆದೊಯ್ಯುತ್ತದೆ.

ಸದಾಹಿದೆಯ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಓರಗೆಯ ಅನೇಕರು ಎಡೋದಲ್ಲೇ ಕೂತು ಬರೆದರೆ ಇವನು ಯೊಕೊಹಾಮಾಕ್ಕೆ ಹೋಗಿ ಕಂಡು ಬರೆದ. ಮೂಲತಃ ಹಕ್ಕಿನೋಟದ ನಕ್ಷೆಗಳಿಗೆ ಹೆಸರಾದವನು. ಊರನ್ನು ಮೇಲಿನಿಂದ ನೋಡಿ ಪ್ರತಿ ಬೀದಿಯ ಜಾಗ ಗುರುತಿಸುವ ಅಭ್ಯಾಸ ಅವನ ಕಣ್ಣಿಗಿತ್ತು. ಐದು ಹಾಳೆಯ ಹಡಗಿನ ಚಿತ್ರದಲ್ಲಿ ಕಾಣುವುದು ಆ ನಕ್ಷೆಕಾರನ ಶಿಸ್ತೇ. ಯಾವ ಹಗ್ಗ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಮೂಟೆ ಯಾವ ದಾರಿಯಲ್ಲಿ ಇಳಿಯುತ್ತದೆ ಎಂಬ ಕುತೂಹಲ ಅದರಲ್ಲಿದೆ. 1862ರಿಂದ 1865ರವರೆಗೆ ಅವನು ಯೊಕೊಹಾಮಾದಲ್ಲಿ ಕಂಡು ಕೇಳಿದ ಸಂಗತಿಗಳನ್ನು ಸಚಿತ್ರ ಪುಸ್ತಕವಾಗಿ ಹಲವು ಸಂಪುಟಗಳಲ್ಲಿ ಹೊರತಂದ. ರೊಟ್ಟಿ ಸುಡುವವರು, ಮಾಂಸ ಕಡಿಯುವವರು ಅದರಲ್ಲಿ ಬರುತ್ತಾರೆ. ದನದ ಮಾಂಸ ತಿನ್ನುವುದು ಸಾಮಾನ್ಯವಲ್ಲದ ಸಮಾಜಕ್ಕೆ ಕಸಾಯಿಯ ಕೆಲಸವನ್ನು ಅಸಹ್ಯ ಬೆರೆಸದೆ ತೋರಿಸಿದ್ದು ಸಣ್ಣ ಸಂಗತಿಯಲ್ಲ. ಪರದೇಶಿಯನ್ನು ರಾಕ್ಷಸನನ್ನಾಗಿ ಬರೆಯಲು ಆ ಕಾಲದಲ್ಲಿ ಕಾರಣಗಳಿದ್ದವು, ಕೊಳ್ಳುವವರೂ ಇದ್ದರು. ದೇವರನ್ನಾಗಿ ಬರೆಯಲು ಮುಂದಿನ ತಲೆಮಾರಿಗೆ ಕಾರಣ ಸಿಕ್ಕಿತು. ಇವೆರಡರ ನಡುವಿನ ಕೆಲವೇ ವರ್ಷಗಳಲ್ಲಿ ಪರದೇಶಿ ಕಸುಬುದಾರನಾಗಿ ಕಂಡ.

ಜಮಾ ಪುಟದಲ್ಲಿ ಸೇರಬೇಕಾದ ಇನ್ನೊಂದು ಅಂಶವೂ ಇದೆ. ಈ ಚಿತ್ರಗಳ ಸಮುದ್ರಕ್ಕೆ ಬಳಿದ ಗಾಢ ನೀಲಿ ಯುರೋಪಿನದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಕಂಡುಹಿಡಿದ ಆ ಬಣ್ಣ 1830ರ ಹೊತ್ತಿಗೆ ಎಡೋದ ಮುದ್ರಕರ ಕೈಗೆ ಧಾರಾಳವಾಗಿ ಸಿಗುತ್ತಿತ್ತು. ಹೊಕುಸಾಯಿಯ ಅಲೆಗೂ ಹಿರೋಶಿಗೆಯ ಆಕಾಶಕ್ಕೂ ಅದೇ ನೀಲಿ. ಹೊರಗಿನದನ್ನು ತಂದು ತಮ್ಮ ಕೈಕಸುಬಿಗೆ ಒಗ್ಗಿಸುವ ಕಲೆ ಆ ಮುದ್ರಣ ಮನೆಗಳಿಗೆ ಮೊದಲೇ ಗೊತ್ತಿತ್ತು.

ಇನ್ನು ಖರ್ಚಿನ ಕಡೆ. ಮೊದಲನೆಯ ಆಕ್ಷೇಪ, ನಕಲು. ಪಾಶ್ಚಾತ್ಯ ನಗರಗಳನ್ನೂ ಹಡಗಿನ ಒಳಾಂಗಣಗಳನ್ನೂ ಚಿತ್ರಿಸಲು ಹೊರಟ ಕಲಾವಿದರು ಲಂಡನ್ನಿನ ಮತ್ತು ನ್ಯೂಯಾರ್ಕಿನ ಸಚಿತ್ರ ವಾರಪತ್ರಿಕೆಗಳಿಂದ ಧಾರಾಳವಾಗಿ ಎರವಲು ಪಡೆದರು. ಒಂದೇ ಭಂಗಿಯ ಮನುಷ್ಯ ಒಂದು ಚಿತ್ರದಲ್ಲಿ ರಷ್ಯನ್, ಇನ್ನೊಂದರಲ್ಲಿ ಫ್ರೆಂಚ್. ಹೆಂಗಸರ ಮುಖ ಹಳೆಯ ಸುಂದರಿಯರ ಮುಖವೇ, ಲಂಗ ಮಾತ್ರ ಹೊಸದು. ಈ ಆಕ್ಷೇಪ ನಿಜ, ಆದರೆ ನಮ್ಮ ದೃಷ್ಟಿಯಲ್ಲಿ ಗಂಭೀರವಲ್ಲ. ತಿಂಗಳೊಪ್ಪತ್ತಿನಲ್ಲಿ ಸರಕು ಒದಗಿಸಬೇಕಾದ ಉದ್ಯಮ ಎರವಲು ಪಡೆಯದೆ ಬದುಕುವುದಿಲ್ಲ. ಅದೇ ಕಾಲದ ಪಾಶ್ಚಾತ್ಯ ಪತ್ರಿಕೆಗಳು ಜಪಾನೀಯರನ್ನು ಬರೆದದ್ದೂ ಇದಕ್ಕಿಂತ ಹೆಚ್ಚು ನಿಖರವಾಗಿಯೇನಲ್ಲ.

ಎರಡನೆಯದು ಗಂಭೀರ. ಈ ಚಿತ್ರಗಳಲ್ಲಿ ಎಲ್ಲರೂ ಸುಖಿಗಳು. ಸದಾಹಿದೆಯ ಹಡಗುಗಳು ಅಂಗಡಿಗೆ ಬರುವ ಕೆಲವು ತಿಂಗಳ ಹಿಂದಷ್ಟೇ, 1861ರ ಜನವರಿಯಲ್ಲಿ, ಅಮೆರಿಕದ ರಾಯಭಾರ ಕಚೇರಿಯ ದುಭಾಷಿ ಹೆನ್ರಿ ಹ್ಯೂಸ್ಕೆನ್‌ನನ್ನು ಎಡೋದ ಬೀದಿಯಲ್ಲಿ ಕಡಿದು ಕೊಂದಿದ್ದರು. ಚಿತ್ರ ಬಂದ ಮರು ಚಾಂದ್ರಮಾಸದಲ್ಲೇ ತೋಜೆನ್‌ಜಿ ದೇವಾಲಯದಲ್ಲಿದ್ದ ಬ್ರಿಟಿಷ್ ದೂತಾವಾಸದ ಮೇಲೆ ರಾತ್ರಿ ದಾಳಿಯಾಯಿತು. ಒಪ್ಪಂದಕ್ಕೆ ಸಹಿ ಹಾಕಿದ್ದ ಸರ್ಕಾರಕ್ಕೆ ಬಂದರಿನ ನಗುಮುಖದ ಚಿತ್ರ ಅನುಕೂಲಕರ. ಪ್ರಚಲಿತ ರಾಜಕೀಯವನ್ನು ಬರೆಯುವುದಕ್ಕೆ ಮೊದಲೇ ನಿಷೇಧ. ಪರಿಶೀಲನೆಯ ಮುದ್ರೆ ನಮಗಿಂದು ದಿನಾಂಕ ಹೇಳುವ ಉಪಕಾರಿ. ಅಂದು ಅದು ಬಾಯಿಗೆ ಹಾಕಿದ ಬೀಗವೂ ಆಗಿತ್ತು.

ಬೀಗ ಬಿದ್ದದ್ದು ರಕ್ತದ ಸುದ್ದಿಗೆ ಮಾತ್ರವಲ್ಲ, ಬೆಲೆಯ ಸುದ್ದಿಗೂ. ಆ ಮೂಟೆಗಳಲ್ಲಿ ಇದ್ದದ್ದೇನು? ಹೊರಹೋಗುವ ಸರಕಿನಲ್ಲಿ ಮೊದಲ ಸ್ಥಾನ ಕಚ್ಚಾ ರೇಷ್ಮೆಗೆ, ಅದರ ಹಿಂದೆ ಚಹಾ. ನಮ್ಮ ರೇಷ್ಮೆ ಬೆಳೆಗಾರರು ಗಂಟು ರೋಗವೆಂದು ಕರೆಯುವ ಪಿಡುಗು ಆಗ ಫ್ರಾನ್ಸ್ ಮತ್ತು ಇಟಲಿಯ ಹುಳುಮನೆಗಳನ್ನು ಹಾಳುಗೆಡವಿತ್ತು. ಯುರೋಪಿನ ಮಗ್ಗಗಳಿಗೆ ನೂಲು ಎಲ್ಲಿಂದಾದರೂ ಬೇಕಾಗಿತ್ತು. ಯೊಕೊಹಾಮಾ ತೆರೆದೊಡನೆ ರೇಷ್ಮೆ ಅತ್ತ ಹರಿಯಿತು. ಒಳನಾಡಿನಲ್ಲಿ ನೂಲಿನ ಬೆಲೆ ಏರಿತು. ಕಿರ್ಯು, ನಿಶಿಜಿನ್‌ಗಳ ನೇಕಾರರ ಮಗ್ಗಗಳು ನಿಂತವು. ಚಿನ್ನ-ಬೆಳ್ಳಿಯ ವಿನಿಮಯದಲ್ಲೂ ಹೊಡೆತ ಬಿತ್ತು. ಹೊರಗೆ ಒಂದು ತೂಕ ಚಿನ್ನಕ್ಕೆ ಹದಿನೈದು ತೂಕ ಬೆಳ್ಳಿ, ಜಪಾನಿನಲ್ಲಿ ಸುಮಾರು ಐದು. ಬೆಳ್ಳಿ ತಂದು ಚಿನ್ನ ಒಯ್ದರೆ ಸಾಕು, ಬೇರೆ ವ್ಯಾಪಾರವೇ ಬೇಡ. ಸರ್ಕಾರ 1860ರಲ್ಲಿ ನಾಣ್ಯದ ಚಿನ್ನವನ್ನು ತೀವ್ರವಾಗಿ ಇಳಿಸಿತು, ಬೆಲೆಗಳು ಇನ್ನಷ್ಟು ಏರಿದವು. ಅದೇ ವರ್ಷ ದವಸ, ದೀಪದೆಣ್ಣೆ, ಮೇಣ, ಬಟ್ಟೆ, ಕಚ್ಚಾ ರೇಷ್ಮೆ ಈ ಐದು ಸರಕುಗಳು ಎಡೋದ ಸಗಟು ವ್ಯಾಪಾರಿಗಳ ಮೂಲಕವೇ ಬಂದರಿಗೆ ಹೋಗಬೇಕೆಂದು ಆಜ್ಞೆಯಾಯಿತು. ಹೆಚ್ಚು ಫಲ ಕೊಡಲಿಲ್ಲ. ಹಡಗಿನ ಚಿತ್ರ ಕೊಂಡು ಮನೆಗೆ ಒಯ್ದವನು ಅಕ್ಕಿಗೆ ಹೆಚ್ಚು ದುಡ್ಡು ತೆರುತ್ತಿದ್ದ. ಎರಡಕ್ಕೂ ನಂಟಿದೆ ಎಂದು ಚಿತ್ರ ಅವನಿಗೆ ಹೇಳಲಿಲ್ಲ.

ಮೂರನೆಯ ಕೊರತೆ, ಅಂಚಿನಲ್ಲಿ ನಿಂತವರದು. ಪಾಶ್ಚಾತ್ಯ ವರ್ತಕನಿಗೂ ಜಪಾನಿ ಮಾರಾಟಗಾರನಿಗೂ ನಡುವೆ ಚೀನೀ ದಲ್ಲಾಳಿ ಇದ್ದ. ಬಾಯಿಮಾತು ತಿಳಿಯದಿದ್ದರೂ ಕುಂಚದಲ್ಲಿ ಬರೆದ ಅಕ್ಷರಗಳಿಂದ ಅವನು ಜಪಾನೀಯರೊಡನೆ ವ್ಯವಹರಿಸಬಲ್ಲವನಾಗಿದ್ದ. ಅವನಿಲ್ಲದೆ ಒಂದು ಮೂಟೆಯೂ ಅಲುಗುತ್ತಿರಲಿಲ್ಲ. ಚಿತ್ರಗಳಲ್ಲಿ ಅವನು ಕಾಣುತ್ತಾನೆ, ಆದರೆ ನಾಯಕನಾಗಿ ಅಪರೂಪ. ಕಪ್ಪು ಮೈಬಣ್ಣದ ಆಳುಗಳೂ ಬರುತ್ತಾರೆ. ಅವರು ಯಾವ ನೆಲದವರು, ಯಾವ ಕರಾರಿನ ಮೇಲೆ ಬಂದವರು ಎಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಪಾಶ್ಚಾತ್ಯರಿಗೆ ದೇಶದ ಹೆಸರು, ಬಾವುಟ ಎಲ್ಲ ಸಿಕ್ಕಿತು. ಇವರಿಗೆ ಮೈಬಣ್ಣವೊಂದೇ ಗುರುತಾಯಿತು.

ಹೆಂಗಸರ ಲೆಕ್ಕ ಇನ್ನೂ ಕಹಿ. ಪರದೇಶಿಯರಿಗಾಗಿ ಬಂದರಿನ ಜತೆಗೇ ಕಟ್ಟಿದ ಮಿಯೊಜಾಕಿ ಕೇರಿಯ ಗಾಂಕಿರೊ ಎಂಬ ವೇಶ್ಯಾಗೃಹ ಈ ಚಿತ್ರಕಾರರಿಗೆ ಅಚ್ಚುಮೆಚ್ಚು. ಬೀಸಣಿಗೆಗಳ ಅಲಂಕಾರದ ಕೋಣೆ, ಸಂಗೀತ, ಕುಣಿತ, ಸಂಭ್ರಮ. ಅಲ್ಲಿ ಕೆಲಸ ಮಾಡುತ್ತಿದ್ದವರು ಸಾಲಕ್ಕೆ ಮಾರಾಟವಾದ ಹುಡುಗಿಯರು. ಪರದೇಶಿಯ ಬೆವರನ್ನು ಅಷ್ಟು ಶ್ರದ್ಧೆಯಿಂದ ಬರೆದ ಕುಂಚ ಮನೆಯ ಹೆಣ್ಣಿನ ದುಡಿಮೆಯನ್ನು ವಿನೋದವೆಂದು ಬರೆಯಿತು. 1866ರ ನವೆಂಬರಿನಲ್ಲಿ ಹಂದಿ ಮಾಂಸದ ಅಂಗಡಿಯೊಂದರಿಂದ ಹಬ್ಬಿದ ಬೆಂಕಿಯಲ್ಲಿ ಆ ಕೇರಿ ಸುಟ್ಟುಹೋಯಿತು. ಅನೇಕ ಹೆಂಗಸರು ಸತ್ತರು. ಆ ಜಾಗವೇ 1876ರಲ್ಲಿ ಯೊಕೊಹಾಮಾ ಉದ್ಯಾನವಾಯಿತು.

ಸುಗ್ಗಿ ಬೇಗ ಮುಗಿಯಿತು. 1862ರ ಸೆಪ್ಟೆಂಬರಿನಲ್ಲಿ ನಮಾಮುಗಿ ಗ್ರಾಮದ ಬಳಿ ಚಾರ್ಲ್ಸ್ ರಿಚರ್ಡ್‌ಸನ್ ಎಂಬ ಬ್ರಿಟಿಷ್ ವರ್ತಕ ಸತ್ಸುಮಾ ಪ್ರಾಂತದ ಸಮುರಾಯಿಗಳ ಕತ್ತಿಗೆ ಬಲಿಯಾದ. ಮರುವರ್ಷ ಪರದೇಶಿಯರನ್ನು ಓಡಿಸಬೇಕೆಂಬ ಆಜ್ಞೆಯೇ ಹೊರಟಿತು. ಬಂದರಿನ ಚಿತ್ರಗಳಿಗೆ ಗಿರಾಕಿ ಕಡಿಮೆಯಾದರು. ಅತ್ತ ಕ್ಯಾಮೆರಾ ಬಂತು. 1857ರ ದಂಗೆಯ ನಂತರ ಲಖನೌದ ಅವಶೇಷಗಳ ಫೋಟೋ ತೆಗೆದಿದ್ದ ಫೆಲಿಚೆ ಬೆಯಾತೊ 1863ರಲ್ಲಿ ಯೊಕೊಹಾಮಾಕ್ಕೆ ಬಂದು ನೆಲೆಸಿದ. ಅಲ್ಲಿಂದ ನೋಡುವವನೂ ನೋಡಿಸಿಕೊಳ್ಳುವವನೂ ಜಾಗ ಬದಲಿಸಿದರು. ಬಡಗಿ, ಬುಟ್ಟಿ ಮಾರುವವ, ಪಲ್ಲಕ್ಕಿ ಹೊರುವವ ಹೀಗೆ ಕೆಲಸದಲ್ಲಿ ತೊಡಗಿದ ಜಪಾನೀಯರ ಫೋಟೋಗಳನ್ನು ಪರದೇಶಿ ಪ್ರವಾಸಿಗಳು ಕೊಂಡೊಯ್ಯತೊಡಗಿದರು. ಆ ಫೋಟೋಗಳಿಗೆ ಕೈಯಿಂದ ಬಣ್ಣ ತುಂಬುತ್ತಿದ್ದವರು ಜಪಾನಿ ಚಿತ್ರಕಾರರೇ.

ಮರದಚ್ಚು ಅಷ್ಟಕ್ಕೇ ಸಾಯಲಿಲ್ಲ. 1868ರ ಮೇಜಿ ಆಡಳಿತ ಬದಲಾವಣೆಯ ನಂತರ ಪರದೇಶಿ ಮತ್ತೆ ಚಿತ್ರದಲ್ಲಿ ಬಂದ, ಈ ಸಲ ಸರ್ಕಾರದ ಸಂಬಳಗಾರನಾಗಿ. 1872ರಲ್ಲಿ ಶಿಂಬಾಶಿ-ಯೊಕೊಹಾಮಾ ರೈಲು ಓಡಿತು. ಹಳಿ ಹಾಕಿಸಿದ ಎಂಜಿನಿಯರ್ ಎಡ್ಮಂಡ್ ಮೊರೆಲ್ ಬ್ರಿಟಿಷ್. ರೈಲು ಬರುವ ಮುಂಚೆಯೇ ಚಿತ್ರಕಾರರು ಊಹೆಯ ಎಂಜಿನ್‌ಗಳನ್ನು ಬರೆದು ಮಾರಿದರು. ಅದೇ ವರ್ಷ ಗುನ್ಮಾ ಪ್ರಾಂತದ ತೊಮಿಯೊಕಾದಲ್ಲಿ ಸರ್ಕಾರಿ ರೇಷ್ಮೆ ಗಿರಣಿ ತೆರೆಯಿತು. ಅದನ್ನು ಕಟ್ಟಿಸಿದ ಪಾಲ್ ಬ್ರೂನಾ ಅದಕ್ಕೆ ಮೊದಲು ಯೊಕೊಹಾಮಾದ ವ್ಯಾಪಾರಿ ಕೋಠಿಯೊಂದರಲ್ಲಿ ರೇಷ್ಮೆಯ ಗುಣ ಪರೀಕ್ಷಿಸುತ್ತಿದ್ದ ಫ್ರೆಂಚ್. ಹತ್ತು ವರ್ಷ ಹಿಂದೆ ಚಿತ್ರಕಾರರು ಹೊರಗಿನಿಂದ ಕಂಡ ಕಸುಬುದಾರನನ್ನು ಜಪಾನ್ ಈಗ ಸಂಬಳ ಕೊಟ್ಟು ಒಳಗೆ ಕರೆಯಿತು. ಮುನ್ನೂರು ಬಾಣಲೆಗಳ ಮುಂದೆ ಕೂತು ನೂಲು ಬಿಚ್ಚಲು ಹುಡುಗಿಯರು ಬೇಕಿತ್ತು. ಫ್ರೆಂಚರು ಕುಡಿಯುವ ಕೆಂಪು ದ್ರಾಕ್ಷಾರಸ ಕಂಡು ಅವರು ರಕ್ತ ಕುಡಿಯುತ್ತಾರೆಂಬ ಗುಲ್ಲೆದ್ದು ಯಾರೂ ಮುಂದೆ ಬರಲಿಲ್ಲ. ಗಿರಣಿಯ ಮುಖ್ಯಸ್ಥ ಒದಾಕಾ ಅತ್ಸುತಾದಾ ತನ್ನ ಮಗಳನ್ನೇ ಮೊದಲು ಸೇರಿಸಬೇಕಾಯಿತು. ಗಿರಣಿಯ ಒಳಗನ್ನು ತೋರಿಸುವ, ಚಿತ್ರಕಾರ ಕುನಿತೆರುವಿನ ಅಚ್ಚುಚಿತ್ರದಲ್ಲಿ ಈ ಅಂಜಿಕೆಯ ಸುಳಿವಿಲ್ಲ. ಸಾಲಾಗಿ ಕೂತು ದುಡಿಯುವ ಜಪಾನಿ ಹುಡುಗಿಯರು ಮಾತ್ರ ಇಲ್ಲಿ ಕೆಲಸಗಾರರಾಗಿ ನಡುಮನೆಗೆ ಬಂದರು. ಕೆಲವೇ ವರ್ಷಗಳಲ್ಲಿ ಬ್ರೂನಾ ಹೊರಟುಹೋದ, ಗಿರಣಿ ನಡೆಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವಷ್ಟರಲ್ಲಿ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಜಪಾನ್ ಚೀನಾವನ್ನೂ ಹಿಂದಿಕ್ಕಿತು.

ಈ ದಾರಿಯ ಒಂದು ಕವಲು ಕನ್ನಡ ನಾಡಿಗೂ ಬಂದಿದೆ. 1893ರಲ್ಲಿ ಯೊಕೊಹಾಮಾದಿಂದ ವ್ಯಾಂಕೂವರಿಗೆ ಹೊರಟ ಹಡಗಿನಲ್ಲಿ ಸ್ವಾಮಿ ವಿವೇಕಾನಂದರ ಜತೆ ಪಯಣಿಸಿದವರು ಜಮ್ಷೆಡ್‌ಜಿ ಟಾಟಾ. ಅದೇ ದಶಕದ ಕೊನೆಯ ಹೊತ್ತಿಗೆ ಅವರು ಬೆಂಗಳೂರಿನ ಬಸವನಗುಡಿಯ ಕಡೆ ರೇಷ್ಮೆ ತೋಟವೊಂದನ್ನು ತೆಗೆದು ಜಪಾನಿನಿಂದ ನುರಿತವರನ್ನು ಕರೆಸಿದರು. ಪರದೇಶಿಯರನ್ನು ಕರೆಸಿ ಕಲಿತ ದೇಶದವರೇ ಈಗ ಪರದೇಶಿ ಕಸುಬುದಾರರಾಗಿ ಇನ್ನೊಂದು ನೆಲಕ್ಕೆ ಬಂದಿದ್ದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಅಲ್ಲಿ ಬಳಕೆಯಲ್ಲಿದೆ. 1898ರಲ್ಲಿ ಜಪಾನ್ ನೋಡಿ ಬಂದ ವಿಶ್ವೇಶ್ವರಯ್ಯನವರ ಕೈಗಾರಿಕಾ ಚಿಂತನೆಯ ಮೇಲೆ ಆ ದೇಶದ ಪ್ರಭಾವ ಎಷ್ಟೆಂಬುದು ಕನ್ನಡ ಓದುಗರಿಗೆ ಹೊಸದಾಗಿ ಹೇಳಬೇಕಾದ್ದಲ್ಲ.

ಈ ಚಿತ್ರಗಳಿಗೆ ಬಂದ ಬೆಲೆ ತಡವಾದದ್ದು. ಉಕಿಯೊ-ಎ ಎಂಬ ಮರದಚ್ಚಿನ ಚಿತ್ರ ಪರಂಪರೆ ಹಿರೋಶಿಗೆಯೊಡನೆ ಮುಗಿಯಿತೆಂದು ನಂಬಿದ್ದ ರಸಿಕರಿಗೆ ಇವು ಗಡಿಬಿಡಿಯ, ಅಬ್ಬರದ ಬಣ್ಣದ, ಇಳಿಗಾಲದ ಸರಕು. ಇವುಗಳ ಬೆಲೆ ಕಂಡವರು ಸಂಗ್ರಾಹಕರು ಮತ್ತು ಸ್ಥಳೀಯ ಇತಿಹಾಸಕಾರರು. ತಾನ್ಬಾ ಸಂಗ್ರಹ ಕನಗಾವಾ ಪ್ರಾಂತೀಯ ಸಂಗ್ರಹಾಲಯದಲ್ಲಿದೆ. ಯೊಕೊಹಾಮಾದ ಇತಿಹಾಸ ದಾಖಲೆಗಳ ಸಂಗ್ರಹಾಲಯ 1981ರಲ್ಲಿ ಹಳೆಯ ಬ್ರಿಟಿಷ್ ಕಾನ್ಸುಲೇಟ್ ಆವರಣದಲ್ಲಿ ತೆರೆಯಿತು. ಲಿಯೊನ್‌ಹಾರ್ಟ್ ದಂಪತಿಯ ಸಂಗ್ರಹ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ಗೆ ಹೋಯಿತು. ಆದರೆ ಸಂಗ್ರಹಾಲಯದ ಗೋಡೆ ಹತ್ತಿದ ಮೇಲೆ ಇನ್ನೊಂದು ಅಪಾಯ ಎದುರಾಗಿದೆ. ಪೂರ್ವ-ಪಶ್ಚಿಮಗಳ ಸಂತೋಷದ ಭೇಟಿ ಎಂಬ ಚೌಕಟ್ಟು ಹಾಕಿ ಇವನ್ನು ತೋರಿಸುವುದು ಸುಲಭ. ಹಾಗೆ ತೋರಿಸಿದಾಗ 1861ರ ಪರಿಶೀಲಕನ ಕೆಲಸವನ್ನು ನಾವೇ ಮುಂದುವರಿಸಿದಂತಾಗುತ್ತದೆ.

ಆದ್ದರಿಂದ ನಮ್ಮ ಲೆಕ್ಕ ಹೀಗೆ ನಿಲ್ಲುತ್ತದೆ. ಪರದೇಶಿಯನ್ನು ಧರ್ಮದಿಂದಲೋ ಜಾತಿಯಿಂದಲೋ ಅಳೆಯುವ ಬದಲು ಅವನು ಹೇಗೆ ಹೊರುತ್ತಾನೆ, ಕಟ್ಟುತ್ತಾನೆ, ಹೊಲಿಯುತ್ತಾನೆ ಎಂದು ನೋಡಿದ ಕಣ್ಣು ಆರೋಗ್ಯಕರವಾದ ಕಣ್ಣು. ಕೆಲಸವನ್ನು ಗಮನಿಸಿದವನು ಕೆಲಸ ಕಲಿಯಬಲ್ಲ. ತೊಮಿಯೊಕಾ ಅದಕ್ಕೆ ಸಾಕ್ಷಿ. ಕಲಿತದ್ದು ಯಾರ ಹೊಟ್ಟೆಯ ಮೇಲೆ, ಯಾರ ಮೈಯ ಮೇಲೆ ಎಂಬ ಪ್ರಶ್ನೆಯನ್ನು ಆ ಕಣ್ಣು ಕೇಳಲಿಲ್ಲ, ಅಥವಾ ಕೇಳಲು ಅದಕ್ಕೆ ಅವಕಾಶವಿರಲಿಲ್ಲ. ಅದನ್ನು ಕೇಳುವ ಹೊಣೆ ಈಗ ಚಿತ್ರಗಳನ್ನು ಇಟ್ಟುಕೊಂಡವರದು. ಸದಾಹಿದೆಯ ಐದು ಹಾಳೆಗಳ ಪಕ್ಕದಲ್ಲಿ ಆ ವರ್ಷದ ನೂಲಿನ ದರವನ್ನೂ ನಿಂತುಹೋದ ಮಗ್ಗಗಳ ಊರಿನ ಹೆಸರನ್ನೂ ಬರೆದಿಡಲಿ, ಗಾಂಕಿರೊ ಚಿತ್ರದ ಪಕ್ಕದಲ್ಲಿ 1866ರ ಬೆಂಕಿಯ ವಿವರ ಇರಲಿ. ಅದರಿಂದ ಚಿತ್ರದ ಬಣ್ಣ ಮಾಸುವುದಿಲ್ಲ, ಚಿತ್ರಕಾರನ ಕೀರ್ತಿಯೂ ಕುಂದುವುದಿಲ್ಲ. ದುಡಿಮೆಯನ್ನು ಗೌರವಿಸಿ ಬರೆದ ಚಿತ್ರಕ್ಕೆ ದುಡಿದವರೆಲ್ಲರ ಲೆಕ್ಕ ಸೇರಿಸುವುದೇ ಸಲ್ಲಬೇಕಾದ ಗೌರವ.